ನೂರಡಿ ರಸ್ತೆಯ ಜೆರಾಕ್ಸ್ ಅಂಗಡಿ

ಪರೀಕ್ಷೆ ಹತ್ತಿರ ಬಂತೆಂದು ನನಗೆ ಹೇಳುವುದು
ಕ್ಯಾಲೆಂಡರಲ್ಲ, ಟೋನರು.
ತಿಂಗಳಿಗೊಂದು ಸಾಕಾಗುತ್ತಿದ್ದ ಡಬ್ಬಿ
ವಾರಕ್ಕೇ ಬರಿದಾಗಿ
ಅಲ್ಲಾಡಿಸಿದರೆ ಕೆಮ್ಮುತ್ತದೆ.

ಆಮೇಲೆ ಶುರು ಅದೇ ಮಾತು:
"ಅಕ್ಕ, ಇನ್ನೂ ಸಣ್ಣದು ಮಾಡಿ."
"ಓದಕ್ಕಾಗಲ್ಲ ಕಣಪ್ಪ."
"ಓದಕ್ಕಲ್ಲ ಅಕ್ಕ, ಜೊತೇಲಿ ಇರ್ಲಿ ಅಂತ."
ಸಾಸಿವೆಯಷ್ಟು ಅಕ್ಷರದ ಚೀಟಿ ಮಡಿಸಿ
ಕಾಳಮ್ಮನ ಗುಡಿಯ ಕುಂಕುಮದ ಪೊಟ್ಟಣದ ಪಕ್ಕ
ಜೇಬಿಗಿಳಿಸುತ್ತಾರೆ.

ಗುತ್ತಲಿನ ಒಂದೇ ರೂಮಿನ ನಾಲ್ವರು
ಒಂದೇ ನೋಟ್ಸು ತರುತ್ತಾರೆ, ಬೇರೆ ಬೇರೆ ಹೊತ್ತಿಗೆ.
"ನಾನ್ ತಗೊಂಡೆ ಅಂತ ಅವ್ರಿಗೆ ಹೇಳ್ಬೇಡಿ."
"ಏನೂ ಓದಿಲ್ಲ ಮಗಾ" ಎಂದು
ನನ್ನ ಮೆಟ್ಟಿಲ ಮೇಲೇ ಸುಳ್ಳು ಬದಲಾಯಿಸಿಕೊಳ್ಳುತ್ತಾರೆ,
ಕಣ್ಣು ಮಾತ್ರ ನಾಲ್ವರದೂ ಕೆಂಪು.
ಭುವನನಿಗಂತೂ ನಿಂತಲ್ಲೇ ತೂಕಡಿಕೆ.
ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ
ಒಂದು ದಿನ ಯಾವುದೋ ಸೂತ್ರ ಒಪ್ಪಿಸಿಬಿಟ್ಟ.

ನಾನು ಕೇಳಿಸಿಕೊಳ್ಳುವುದಿಲ್ಲ.
ಜೆರಾಕ್ಸಿನವಳಿಗೆ ಕಿವಿ ಇರಬಾರದು.
ಹೆಸರೂ ಇಲ್ಲ, ಬರೀ ಅಕ್ಕ.

ಮೊನ್ನೆ, ಕಬ್ಬಿನ ಟ್ರಾಕ್ಟರುಗಳು ಸಾಲಾಗಿ
ಫ್ಯಾಕ್ಟರಿ ಕಡೆ ತೆವಳುವ ಹೊತ್ತು,
ಕಾಕಂಬಿಯ ವಾಸನೆ ಷಟರ್ ದಾಟಿ ಒಳಬಂದಿರುವಾಗ
ಬಂದಳು ಸಿಂಚನ, ಬಸರಾಳಿನವಳು, ಮೂರನೇ ಸೆಮಿಸ್ಟರು.
ಕವರಿನಿಂದ ಮಾರ್ಕ್ಸ್ ಕಾರ್ಡು ತೆಗೆದಳು
ಒಡೆದ ಬಲ್ಬು ತೆಗೆಯುವ ಹಾಗೆ, ಎರಡೇ ಬೆರಳಲ್ಲಿ.
"ಅಕ್ಕ, ಈ ಎಂಬತ್ಮೂರರಲ್ಲಿ ಮೂರು ಇದೆಯಲ್ಲ,
ಎಂಟು ಮಾಡಕ್ಕಾಗುತ್ತಾ?"

ಎಂಬತ್ಮೂರು!
ನಾನು ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಇಪ್ಪತ್ತೊಂಬತ್ತು ತೆಗೆದು
ಅದೇ ಸಂಜೆ ಮೆಣಸಿನಕಾಯಿ ಬಜ್ಜಿ ತಿಂದವಳು.

"ಮನೇಲಿ ಬೈತಾರಾ?"
"ಇಲ್ಲ. ಅಪ್ಪ ಕಂಡಕ್ಟರು.
ಫೋನ್ ಮಾಡಿದ್ರೆ ಉಂಡ್ಯಾ ಅಂತಾರೆ, ಅಷ್ಟೆ."
"ಕೆಲ್ಸಕ್ಕೆಲ್ಲಾದ್ರೂ ಕೊಡ್ಬೇಕಾ?"
"ಅಯ್ಯೋ, ಇಲ್ಲ."
"ಮತ್ತೆ ಯಾರಿಗವ್ವ ತೋರ್ಸಕ್ಕೆ?"
ಬಹಳ ಹೊತ್ತು ಕೌಂಟರಿನ ಗಾಜನ್ನು ಉಗುರಿನಲ್ಲಿ ಕೆರೆದಳು.
"ನಂಗೇ ಅಕ್ಕ. ರೂಮಿನ ಗೋಡೆಗೆ ಅಂಟಿಸ್ಕೊತೀನಿ.
ನೋಡ್ತಾ ನೋಡ್ತಾ ನಿಜ ಅನ್ಸಿದ್ರೆ
ನಿದ್ದೆ ಬರ್ಬೋದು."

ಇಪ್ಪತ್ತು ವರ್ಷದಲ್ಲಿ ಏನೇನೋ ಪ್ರತಿ ತೆಗೆದಿದ್ದೇನೆ:
ಪಹಣಿ, ಮರಣಪತ್ರ, ಲಗ್ನಪತ್ರಿಕೆಯ ಕರಡು,
ಒಂದೇ ಪ್ರೇಮಪತ್ರಕ್ಕೆ ಎರಡು ಪ್ರತಿ.
ತನಗೆ ತಾನೇ ಸುಳ್ಳು ಹೇಳಿಕೊಳ್ಳಲು
ಕಾಸು ಕೊಡುತ್ತೇನೆಂದವಳು ಇವಳೊಬ್ಬಳು.

ವೈಟ್ನರ್ ಬಾಟಲಿ ಕೈಗೆಟುಕುವಷ್ಟರಲ್ಲೇ ಇತ್ತು.
ನಾನು ಬಹಳ ಒಳ್ಳೆಯವಳೆಂದೇನೂ ಅಲ್ಲ,
ಹತ್ತು ರೂಪಾಯಿ ಹೆಚ್ಚು ಕೊಟ್ಟವರಿಗೆ
ಒಂದೆರಡು ಸಲ ತಾರೀಖು ಅಳಿಸಿದ್ದೇನೆ.
ಅವತ್ತು ಮಾತ್ರ ಯಾಕೋ ಬೆರಳು
ಈ ಅಂಗಡಿಯಲ್ಲಿ ಯಾರೂ ಕೇಳದ ಬಟನ್ನಿಗೆ ಹೋಯಿತು.
ನೂರೈವತ್ತು, ಇನ್ನೂರು,
ಕೊನೆಗೆ ನಾನೂರಕ್ಕೆ ಬಂದು ಮಷಿನ್ನೇ ಸಾಕೆಂದಿತು.
ಹಸಿರು ಬೆಳಕು ಅವಳ ಗಲ್ಲ ಸವರಿಕೊಂಡು ಹೋಯಿತು.

ಹಾಳೆ ಬಿಸಿಬಿಸಿ ಹೊರಬಂತು.
ನಾಣ್ಯದಷ್ಟಾಗಿತ್ತು ಮೂರು.
ಅಂಚು ರವೆಯ ಹಾಗೆ ಉದುರಿತ್ತು,
ಒಂದು ಬದಿ ತೆರೆದೇ ಇತ್ತು.
ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.
"ಕೂಸಿನ ಕಿವಿ ಥರ ಇದೆ" ಎಂದಳು.
ನಕ್ಕಳೋ, ಮೂಗು ಸೇದಿದಳೋ,
ಟ್ರಾಕ್ಟರಿನ ಹಾಡಿನ ಅಬ್ಬರದಲ್ಲಿ ಗೊತ್ತಾಗಲಿಲ್ಲ.
ಎಂಟೂವರೆಗೆ ಹಾಸ್ಟೆಲ್ ಗೇಟು.
ಎರಡು ರೂಪಾಯಿ ಇಟ್ಟು ಓಡಿದಳು.

ಬೆಳಿಗ್ಗೆ ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಬೋರಲು ಮಲಗಿದೆ ಅಸಲು.
ಹೊಸದೇನಲ್ಲ.
ಅಸಲು ಮರೆತು ನಕಲು ಎತ್ತಿಕೊಂಡು ಹೋಗುವವರು
ವಾರಕ್ಕೆ ನಾಲ್ಕು ಜನ.
ಅವರದೆಲ್ಲ ಇರುವ ಡ್ರಾಯರಿನಲ್ಲಿ, ಎಲ್ಲಕ್ಕಿಂತ ಮೇಲೆ, ಇಟ್ಟೆ.
ಬಂದೇ ಬರುತ್ತಾಳೆ.
ಬರುವುದು ತಡವಾದರೆ
ಇವತ್ತೊಂದು ರಾತ್ರಿಯಾದರೂ ಅದು ಅವಳ ಗೋಡೆಯ ಮೇಲಿಲ್ಲ.

"ಅಕ್ಕ, ಬೇಗ, ಒಂಬತ್ತೂವರೆಗೆ ಹಾಲ್ ಒಳಗಿರ್ಬೇಕು,"
ಭುವನ ಹಾಳೆ ಚಾಚುತ್ತಿದ್ದಾನೆ.
"ಇನ್ನೂ ಸಣ್ಣದು."